ಮಗಳಿಗೊಂದು ಪತ್ರ: ಬೀಳುವ ಪಾತ್ರ ಮೊದಲು ನೀನು ಮಾಡು

ಪ್ರೀತಿಯ ಪುಟ್ಟಿ,

ಭಾನುವಾರ ಫೋನ್‌ನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಒಂದು ಕಡೆ ಕುಕ್ಕರ್, ಇನ್ನೊಂದು ಕಡೆ ನಿಮ್ಮಪ್ಪ, ಇಬ್ಬರೂ ಕೂಗುತ್ತಿದ್ದರು. ಆಮೇಲೆ ರಾತ್ರಿಯೆಲ್ಲ ತಲೆಯಲ್ಲಿ ಅದೇ ಓಡಿತು. ಅದಕ್ಕೇ ಬರೆಯಲು ಕೂತೆ.

ಸಹಾಯ ಮಾಡುವ ಆಟ ಆಡಿಸಿದರೆ ನಿನ್ನ ಎಲ್‌ಕೆಜಿ ಮಕ್ಕಳೆಲ್ಲ ಡಾಕ್ಟರೇ ಆಗಬೇಕಂತೆ, ಪೊಲೀಸೇ ಆಗಬೇಕಂತೆ. ಪೇಷೆಂಟ್ ಆಗು ಅಂದರೆ ಒಬ್ಬರೂ ಒಪ್ಪಲ್ಲ ಅಂದೆಯಲ್ಲ. ನಮ್ಮ ಅಂಗನವಾಡಿಯಲ್ಲೂ ಹಾಗೇ ಇತ್ತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಿಂದ ಆರಿಸಿದ್ದು ನಮ್ಮ ತಿ. ನರಸೀಪುರವನ್ನೇ. ಹಾಗಾಗಿ ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇಲ್ಲಿ ಪಳಗಿದ ಟೀಚರಮ್ಮಂದಿರಿದ್ದರು. ಟ್ರೈನಿಂಗ್‌ನಲ್ಲಿ ಇಂಥ ಆಟಕ್ಕೆ ಪಾತ್ರಾಭಿನಯ ಅನ್ನುತ್ತಿದ್ದರು. ಮಕ್ಕಳಿಗೆ ಅದು ಮನೆ ಆಟ, ಅಷ್ಟೇ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹಸಿದವರಿಗೆ ಊಟ ಹಾಕುವ ಆಟ ಆಡಿಸಿದೆ. ಹಸಿದವರು ಯಾರಾಗ್ತೀರಿ ಅಂದಾಗ ಎಲ್ಲರೂ ಹಿಂದೆ ಸರಿದರು. ಮೂಲೆಯಲ್ಲಿ ಸುಮ್ನೆ ಕೂತಿದ್ದ ಒಬ್ಬ ಹುಡುಗಿಯನ್ನು ಕರೆದೆ. ಹೇಳಿದ್ದಕ್ಕೆ ಇಲ್ಲ ಅನ್ನದ ಮಗು ಅಂತ ಕರೆದೆ. ಅವಳ ಲಂಗದ ಅಂಚು ಹರಿದಿತ್ತು, ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅವಳು ತಟ್ಟೆ ಹಿಡಿದು ನಿಂತಳು. ಉಳಿದವರು ಸಾಲಾಗಿ ಬಂದು ಒಂದೊಂದು ಹಿಡಿ ಹುಣಸೆ ಬೀಜ ಹಾಕಿದರು. ಆಟ ಚೆನ್ನಾಗಾಯ್ತು ಅಂದುಕೊಂಡೆ. ಮನೆಗೆ ಹೋಗುವಾಗ ಒಬ್ಬ ಹುಡುಗ ಅವಳನ್ನು "ಭಿಕ್ಷೆಯಮ್ಮ" ಅಂತ ಕೂಗಿದ. ಮೂರು ದಿನ ಅವಳು ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಅವಳ ತಾಯಿ ಬೈಯಲಿಲ್ಲ, ಒಳಗೆ ಕರೆದು ನೀರು ಕೊಟ್ಟರು. "ಅವಳ್ನೇ ಯಾಕೆ ಕರೆದ್ರಿ ಟೀಚರಮ್ಮ?" ಅಂದರು. ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆವತ್ತಿಂದ ಬೀಳುವ, ಅಳುವ, ಕೈ ಚಾಚುವ ಪಾತ್ರ ಮೊದಲು ನನ್ನದು. ಟೀಚರ್ರೇ ನೆಲಕ್ಕೆ ಬಿದ್ದು "ಅಯ್ಯೋ ನನ್ನ ಮಂಡಿ" ಅಂದರೆ ಮಕ್ಕಳ ಮುಖ ನೋಡಬೇಕು ಪುಟ್ಟಿ! ಮಾರನೇ ದಿನ ಎಲ್ಲರಿಗೂ ಬೀಳಬೇಕು. ಆಗ ಸರದಿ ಮಾಡು. ಇವತ್ತು ಎತ್ತಿದವನು ನಾಳೆ ಬೀಳಲಿ. ಯಾವ ಮಗುವಿನ ಮನೆಯಲ್ಲಿ ಏನು ಕಷ್ಟ ಇದೆ ಅಂತ ತಿಳಿದುಕೊಂಡಿರು. ಅದೇ ಕಷ್ಟವನ್ನು ಅದೇ ಮಗುವಿನ ಕೈಲಿ ಎಲ್ಲರ ಮುಂದೆ ಆಡಿಸಬೇಡ.

ಕಣ್ಣು ಕಾಣದ ತಾತನನ್ನು ರಸ್ತೆ ದಾಟಿಸುವ ಆಟ ನೀನೂ ಆಡಿದ್ದೀಯ, ನೆನಪಿದೆಯಾ? ಅಜ್ಜನ ವಲ್ಲಿ ಕಣ್ಣಿಗೆ ಕಟ್ಟಿ, ಕೈಗೊಂದು ಕೋಲು. ಮೊದಮೊದಲು ಎಲ್ಲರೂ ತಾತನ ಕೋಲು ಹಿಡಿದು ದರದರ ಎಳೆಯುತ್ತಿದ್ದರು. ನನಗೂ ಅದು ತಪ್ಪು ಅಂತ ಗೊತ್ತಿರಲಿಲ್ಲ. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕಾಣದವರೊಬ್ಬರ ತೋಳು ಹಿಡಿದು ಹೊರಟೆ. ಅವರು ನಿಂತೇಬಿಟ್ಟರು. "ಎಳೀಬೇಡಿ ತಾಯಿ, ನಾನೇ ನಿಮ್ಮ ಮೊಣಕೈ ಹಿಡ್ಕೋತೀನಿ. ನೀವು ಅರ್ಧ ಹೆಜ್ಜೆ ಮುಂದೆ ನಡೀರಿ" ಅಂದರು. ಹಾಗೆ ನಡೆದರೆ ನಾವು ಎಲ್ಲಿ ತಿರುಗಿದೆವು, ಎಲ್ಲಿ ಮೆಟ್ಟಿಲು ಇಳಿದೆವು ಅಂತ ಅವರ ಕೈಗೇ ತಿಳಿಯುತ್ತದೆ. ಮಕ್ಕಳು ಗಿಡ್ಡ, ಅದಕ್ಕೆ ಭುಜ ಕೊಡಲಿ. ಮುಟ್ಟುವ ಮೊದಲು ಕೇಳಲಿ: "ತಾತ, ಸಹಾಯ ಬೇಕಾ?"

ತಾತ ಕೆಲವು ಸಲ "ಬೇಡ ಕಣಪ್ಪ" ಅನ್ನಬೇಕು. ಅದನ್ನೂ ಆಟದಲ್ಲಿ ಇಡು. ಒಬ್ಬ ಹುಡುಗ ಬೇಡ ಅನ್ನಿಸಿಕೊಂಡು ಅಳುವುದಕ್ಕೇ ಶುರುಮಾಡಿದ್ದ. "ಬೇಡ ಅಂದ್ರೆ ಸರಿ ತಾತ ಅಂದು ಪಕ್ಕದಲ್ಲಿ ನಿಂತ್ಕೋ" ಅಂತ ಹೇಳಿಕೊಟ್ಟೆ. ದೊಡ್ಡವರಿಗೇ ಇದು ಬರುವುದಿಲ್ಲ ಅಲ್ವಾ?

ಇನ್ನೊಂದು ಮಾತು, ಇದು ಸಲೀಸಾಗಿ ಬಿಡುವ ವಿಷಯವಲ್ಲ. ನಮ್ಮದು ಕಾವೇರಿ, ಕಪಿಲೆ ಸೇರುವ ಊರು. ನೀರಿಗೆ ಬಿದ್ದವರನ್ನು ಹಿಡಿದೆಳೆಯುವ ಆಟವನ್ನು ನಾನು ಒಂದು ದಿನವೂ ಆಡಿಸಲಿಲ್ಲ. ಕೂಗು, ಓಡು, ದೊಡ್ಡವರನ್ನು ಕರಿ. ನಾಲ್ಕು ವರ್ಷದ ಮಗು ಮಾಡಬೇಕಾದ ಸಹಾಯ ಅಷ್ಟೇ. ನಿನ್ನ ಊರಲ್ಲಿ ಹೊಳೆ ಇಲ್ಲದಿದ್ದರೂ ಕೆರೆ ಇದೆ, ಸಂಪ್ ಇದೆ, ಕರೆಂಟ್ ತಂತಿ ಇದೆ. ಬೆಂಕಿಪೊಟ್ಟಣದ ಫೋನ್ ಮಾಡಿ 112, 108 ಒತ್ತಿಸು. ಆ ಕಡೆಯಿಂದ ನೀನು "ಎಲ್ಲಿದ್ದೀಯ ಮರಿ?" ಅಂತ ಕೇಳು. "ನಮ್ಮನೇಲಿ" ಅನ್ನುತ್ತವೆ! ಬೀದಿ ಹೆಸರು, ಪಕ್ಕದ ದೇವಸ್ಥಾನ, ಅಂಗಡಿ ಹೇಳುವುದನ್ನು ಅಲ್ಲೇ ಕಲಿಸು. ನಮ್ಮ ರಾಜ್ಯಕ್ಕೆ 2008ರಲ್ಲಿ 108 ಬಂತು. ಅದಕ್ಕೂ ಮುಂಚೆ ನಮ್ಮ ಮಕ್ಕಳು ಆಟದಲ್ಲಿ ಪೇಷೆಂಟನ್ನು ಎತ್ತಿನ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು. ಎತ್ತಾಗಲು ಮಾತ್ರ ಜಗಳ ಆಗುತ್ತಿತ್ತು.

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿತಲ್ಲ, ಅದಾಗಿ ಸ್ವಲ್ಪ ದಿನಕ್ಕೆ ನಾನು ಹೇಳದೆಯೇ ಮಕ್ಕಳು "ಹೊಳೆ ಬಂತು" ಆಟ ಶುರುಮಾಡಿದರು. ನಾನು ಬಾಯಿ ಹಾಕಲಿಲ್ಲ. ಚಾಪೆ ಹಾಸಿ ಗಂಜಿ ಕೇಂದ್ರ ಮಾಡಿದರು. ಒಬ್ಬಳು ತಗಡಿನ ಡಬ್ಬದಿಂದ ಎಲ್ಲರಿಗೂ ಮಣ್ಣಿನ ಅನ್ನ ಬಡಿಸಿದಳು. ಒಬ್ಬ ಹುಡುಗ ತಟ್ಟೆ ಮುಟ್ಟಲೇ ಇಲ್ಲ. ಉಣ್ಣು, ಉಣ್ಣು ಅಂತ ಅವಳು ಗದರಿದಳು. ಇನ್ನೊಬ್ಬಳು, ಎಲ್ಲರಿಗಿಂತ ಚಿಕ್ಕವಳು, ಅವನ ಮುಂದೆ ಕುಕ್ಕರಗಾಲಲ್ಲಿ ಕೂತು "ಏನಾಯ್ತೋ?" ಅಂದಳು. "ನಮ್ ಮೇಕೆಮರಿ ಎಲ್ಲಿ?" ಅಂದ. ಅವಳು ಎದ್ದು ಹೋಗಿ ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿ ಒಂದನ್ನು ತಂದು ಅವನ ತೊಡೆ ಮೇಲಿಟ್ಟಳು. ಅವನು ಅದರ ಬೆನ್ನು ಸವರುತ್ತಾ ಊಟ ಮಾಡಿದ. ಆ ಮಗುವಿಗೆ ಅದನ್ನು ನಾನಂತೂ ಕಲಿಸಿರಲಿಲ್ಲ.

ಮುಂದಿನ ವಾರ ನಿನ್ನ ಚಿಕ್ಕಪ್ಪ ಆ ಕಡೆ ಬರುತ್ತಾರೆ. ಅವರ ಕೈಲಿ ನನ್ನ ಹಳೇ ಟ್ರಂಕು ಕಳಿಸುತ್ತೇನೆ. ಬಾಟಲ್ ಮುಚ್ಚಳ, ಉಲನ್ ದಾರದ ಸ್ಟೆತಾಸ್ಕೋಪ್ ಇದೆ, ತಗಡಿನ ಡಬ್ಬ ಇದೆ, ವಲ್ಲಿ ಒಗೆದು ಇಟ್ಟಿದ್ದೇನೆ. ಕೋಲು ನಿನ್ನ ಅಜ್ಜನದು, ಮುರಿಯದ ಹಾಗೆ ನೋಡಿಕೋ. ಬೀಳುವಾಗ ಕೆಳಗೊಂದು ಚಾಪೆ ಹಾಸಿಕೋ, ನಿನ್ನ ಸೊಂಟ ಮೊದಲೇ ಸರಿಯಿಲ್ಲ. ಮಕ್ಕಳು ಏನು ಮಾಡಿದವು ಅಂತ ಮುಂದಿನ ಭಾನುವಾರ ಹೇಳು. ಆವತ್ತು ಕುಕ್ಕರ್ ಬೇಗ ಇಳಿಸಿಟ್ಟಿರುತ್ತೇನೆ.

ಇಂತಿ,
ನಿನ್ನ ಅಮ್ಮ