ಬೂಸ್ಟ್ ಬೇಡ ಅನ್ನೋ ಮೊದಲು

ಚಿ. ಸೌ. ಸುಮಾಳಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸ್ತನ ಕ್ಯಾನ್ಸರ್ ಆಪರೇಷನ್ನಿನ ಹೊಲಿಗೆ ಒಣಗಿದೆ, ಇನ್ನೇನು ರೇಡಿಯೇಷನ್ ಶುರು ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಕರೆಂಟ್ ಕೊಟ್ಟರೆ ಎದೆ ಗಟ್ಟಿಯಾಗುತ್ತೆ ಅಂತ ಯಾರೋ ಹೆದರಿಸಿದ್ದಾರೆ, ನೀನು ಬೂಸ್ಟ್, ಅಂದರೆ ಗಂಟು ಇದ್ದ ಜಾಗಕ್ಕೆ ಕೊಡೋ ಹೆಚ್ಚಿನ ಡೋಸ್, ಬೇಡ ಅಂತಿದ್ದೀಯ. ಯಾರಿಗೆ ಗಟ್ಟಿಯಾಗುತ್ತೆ ಅಂತ ಮೊದಲೇ ಹೇಳೋ ರಕ್ತಪರೀಕ್ಷೆ ಇದೆಯಾ ಅಂತಲೂ ಕೇಳಿದ್ದೀಯ. ರೇಡಿಯೇಷನ್ ವಾರ್ಡಿನಲ್ಲೇ ನರ್ಸ್ ಆಗಿ ತಲೆ ನರೆಸಿಕೊಂಡವಳು ನಾನು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಗಾಯ ಮಾಯುವಾಗ ದೇಹ ಅಲ್ಲಿ ನಾರು ಬೆಳೆಸುತ್ತೆ, ಮಾಸಿದ ಮೇಲೆ ನಿಲ್ಲಿಸುತ್ತೆ. ರೇಡಿಯೇಷನ್ ಬಿದ್ದ ಜಾಗದಲ್ಲಿ ಕೆಲವರಿಗೆ ಅದು ನಿಲ್ಲೋದೇ ಇಲ್ಲ. ಇದೇ ಫೈಬ್ರೋಸಿಸ್. ಮೂರನೇ ವಾರ ಚರ್ಮ ಕೆಂಪಾಗೋದು ಬೇರೆ, ಇದು ಬೇರೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿಟ್ಟು ಬರುತ್ತೆ. ಕೈಯಿಟ್ಟರೆ ಹೊಲಿಗೆಯ ಸುತ್ತ ಚರ್ಮದಡಿ ದಪ್ಪಗೆ ಸಿಗುತ್ತೆ. ತಲೆ ಬಾಚಲು ತೋಳೆತ್ತಿದರೆ ಕಂಕುಳಲ್ಲಿ ಎಳೆಯುತ್ತೆ. ಹೆಚ್ಚಿನವರಿಗೆ ಅಷ್ಟಕ್ಕೇ ನಿಲ್ಲುತ್ತೆ.

ಪರೀಕ್ಷೆಯ ವಿಷಯ. ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಒಂದು ಮಾಡಿದ್ದಾರೆ. ರಕ್ತ ತೆಗೆದು, ಲ್ಯಾಬಿನಲ್ಲಿ ಅದಕ್ಕೆ ರೇಡಿಯೇಷನ್ ಕೊಟ್ಟು, ಬಿಳಿ ಕಣಗಳು ಎಷ್ಟು ಸಾಯುತ್ತವೆ ಅಂತ ಎಣಿಸ್ತಾರೆ. ಜಾಸ್ತಿ ಸತ್ತವರಿಗೆ ಫೈಬ್ರೋಸಿಸ್ ಕಡಿಮೆ! ವಿಚಿತ್ರ ಅಲ್ವಾ? 2015ರಲ್ಲಿ ಸುಮಾರು 500 ಹೆಂಗಸರ ಮೇಲೆ ನೋಡಿದ ವರದಿ ಬಂತು. ಯಾರಿಗೆ ಆಗಲಾರದು ಅನ್ನೋದನ್ನ ಅದು ಚೆನ್ನಾಗಿ ಹೇಳುತ್ತೆ, ಯಾರಿಗೆ ಆಗುತ್ತೆ ಅನ್ನೋದನ್ನ ಅಷ್ಟಾಗಿ ಹೇಳಲ್ಲ. ಜೀನ್ ನೋಡಿ ಹೇಳೋ ಪ್ರಯತ್ನವೂ ನಡೆದಿದೆ. ನಾರು ಬೆಳೆಸೋ ಟಿಜಿಎಫ್ ಬೀಟಾ ಜೀನಿನ ಒಂದು ವ್ಯತ್ಯಾಸವೇ ಕಾರಣ ಅಂತ ಸಣ್ಣ ಅಧ್ಯಯನಗಳು ಹೇಳಿದ್ದವು. 2012ರಲ್ಲಿ 2,700ಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟಿಗೆ ಹಾಕಿದಾಗ ನಂಟೇ ಸಿಗಲಿಲ್ಲ. ಇಂಥ ಟೆಸ್ಟಿಗೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡ.

ಈಗ ಬೂಸ್ಟ್. ಗಟ್ಟಿಯಾಗೋದನ್ನ ಅದು ಹೆಚ್ಚಿಸುತ್ತೆ, ನಿಜ. ಯುರೋಪಿನ ದೊಡ್ಡ ಟ್ರಯಲ್‌ನಲ್ಲಿ 5,000ಕ್ಕೂ ಹೆಚ್ಚು ಹೆಂಗಸರಿದ್ದರು. ಎಲ್ಲರಿಗೂ 50 ಗ್ರೇ (ರೇಡಿಯೇಷನ್ ಡೋಸ್ ಅಳೆಯೋ ಮಾನ) ಕೊಟ್ಟು, ಅರ್ಧ ಜನಕ್ಕೆ ಮೇಲೆ 16 ಗ್ರೇ ಬೂಸ್ಟ್ ಕೊಟ್ಟರು. ಹತ್ತು ವರ್ಷದಲ್ಲಿ ಜೋರಾದ ಫೈಬ್ರೋಸಿಸ್ ನೂರಕ್ಕೆ 1.6ರಿಂದ 4.4ಕ್ಕೆ ಏರಿತು. ಆದರೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರುಕಳಿಸೋದು 10.2ರಿಂದ 6.2ಕ್ಕೆ ಇಳಿಯಿತು. ನಲವತ್ತರೊಳಗಿನವರಲ್ಲಂತೂ ಸುಮಾರು 24ರಿಂದ 13.5ಕ್ಕೆ. ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಮುಚ್ಚಿಡಲ್ಲ. ಆದರೂ ನಿನಗಿನ್ನೂ 38. ಇನ್ನೊಂದು ಆಪರೇಷನ್ನಿಗಿಂತ ಸ್ವಲ್ಪ ಗಟ್ಟಿಯಾದ ಎದೆ ವಾಸಿ ಅನ್ನೋದು ನನ್ನ ಅಭಿಪ್ರಾಯ. ಅರವತ್ತೈದರ ಅತ್ತೆಯವರಿಗೆ ಆಗಿದ್ದರೆ ಇದೇ ಮಾತು ಹೇಳುತ್ತಿರಲಿಲ್ಲ.

ಡಾಕ್ಟರ್ ಹತ್ತಿರ ಒಟ್ಟು ಡೋಸ್ ಎಷ್ಟು, ಎಷ್ಟು ಸಿಟ್ಟಿಂಗ್ ಅಂತ ಕೇಳು. ಮೂರು ವಾರ ಅಂದರೆ ಕಡಿಮೆ ಕೊಡ್ತಿದ್ದಾರೆ ಅಂತ ಗಾಬರಿ ಬೀಳಬೇಡ. 15 ಸಿಟ್ಟಿಂಗ್‌ನಲ್ಲಿ 40 ಗ್ರೇ ಕೊಟ್ಟ ಬ್ರಿಟನ್ನಿನ ಟ್ರಯಲ್‌ನಲ್ಲಿ, ಹಳೆಯ ಐದು ವಾರದ ಕ್ರಮಕ್ಕಿಂತ ಸ್ತನ ಕುಗ್ಗೋದು, ಊತ ಎರಡೂ ಕಡಿಮೆ ಇದ್ದವು. ಹೊಲಿಗೆ ಹತ್ತಿರ ಕೀವಾಗಿದ್ದರೆ, ನೀರು ತುಂಬಿದ್ದರೆ ಈಗಲೇ ತೋರಿಸು. ಲೂಪಸ್, ಸ್ಕ್ಲೆರೋಡರ್ಮಾ ಥರದ, ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ ಇದ್ದರೆ ಮೊದಲೇ ಹೇಳಬೇಕು, ನಿನಗಿಲ್ಲ ಬಿಡು. ಆಫೀಸಿನವರ ಜೊತೆ ಸಿಗರೇಟು ಸೇದ್ತೀಯ ಅಂತ ನನಗೆ ಗೊತ್ತು. ಅಕ್ಕನಿಗೆ ಹೇಳಿಲ್ಲ. ಅದನ್ನ ಇವತ್ತೇ ಬಿಡು, ಸುಮ್ನೆ ಹೇಳ್ತಿಲ್ಲ.

ಫಿಸಿಯೋ ಹೇಳಿಕೊಟ್ಟ ತೋಳಿನ ವ್ಯಾಯಾಮ ಸಿಟ್ಟಿಂಗ್ ಮುಗಿದ ಮೇಲೂ ನಿಲ್ಲಿಸಬೇಡ. ಮುಂದೆ ಎಲ್ಲಾದರೂ ಹೊಸದಾಗಿ ಗಟ್ಟಿ ಸಿಕ್ಕರೆ ಅದು ಫೈಬ್ರೋಸಿಸ್ಸೇ ಇರಬೇಕು ಅಂತ ನೀನೇ ತೀರ್ಮಾನಿಸಬೇಡ, ಡಾಕ್ಟರಿಗೆ ತೋರಿಸು. ಡೋಸ್, ಸಿಟ್ಟಿಂಗ್, ಬೂಸ್ಟ್ ಎಲ್ಲಾ ಬರೆದಿರೋ ಕಾಗದ ಕೊನೆಯ ದಿನ ಕೇಳಿ ಇಸ್ಕೋ, ಒಂದು ಫೋಟೋ ತೆಗೆದು ನನಗೂ ಕಳಿಸು.

ಇಂತಿ,
ನಿನ್ನ ಚಿಕ್ಕಮ್ಮ