ಪೋಷಕರಿಗೆ ಪತ್ರ: ಅನುಮಾನಾಸ್ಪದ ಸಂದೇಶಗಳ ಬಗ್ಗೆ ಶಾಲೆಗೆ ಕೂಡಲೇ ತಿಳಿಸುವ ಕುರಿತು

ಮಾನ್ಯ ಪೋಷಕರೇ,

ನಮಸ್ಕಾರಗಳು. ಕಳೆದ ವಾರ ನೆರೆಯ ಶಾಲೆಯೊಂದರ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ, ಅದೇ ಗುಂಪಿನಲ್ಲಿರುವ ಪೋಷಕರೊಬ್ಬರ ಸಂಖ್ಯೆಯಿಂದಲೇ, ‘ಶುಲ್ಕ ಬಾಕಿ ವಿವರ’ ಎಂಬ ಫೈಲ್ ಬಂದಿತ್ತು. ಹೆಸರಿನ ಕೊನೆಯಲ್ಲಿ ‘ಪಿಡಿಎಫ್’ ಇರಬೇಕಾದ ಕಡೆ ‘ಎಪಿಕೆ’ ಎಂದಿತ್ತು. ಇದು ತೆರೆದು ಓದುವ ಪತ್ರವಲ್ಲ, ಮೊಬೈಲಿನಲ್ಲಿ ಇನ್‌ಸ್ಟಾಲ್ ಆಗುವ ಆ್ಯಪ್. ಎಸ್‌ಎಂಎಸ್ ನೋಡಲು ಅದು ಕೇಳುವ ಅನುಮತಿಯನ್ನು ಕೊಟ್ಟುಬಿಟ್ಟರೆ ಬ್ಯಾಂಕಿನ ಒಟಿಪಿ ನೇರವಾಗಿ ವಂಚಕರಿಗೆ ಸಿಗುತ್ತದೆ. ವಾಟ್ಸ್‌ಆ್ಯಪ್ ಖಾತೆಯೂ ಅವರ ವಶವಾಗಿ, ನಿಮ್ಮದೇ ಹೆಸರಿನಲ್ಲಿ ಅದೇ ಫೈಲ್ ಇತರ ಗುಂಪುಗಳಿಗೆ ಹೋಗುತ್ತದೆ.

ಆ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಅಂದು ಸಂಜೆಯೇ ಸ್ಕ್ರೀನ್‌ಶಾಟ್ ಸಮೇತ ನಮಗೆ ವಿಷಯ ತಿಳಿಸಿದರು. ಮರುದಿನ ಬೆಳಿಗ್ಗೆ ನಮ್ಮ ಏಳನೇ ತರಗತಿಯ ಗುಂಪಿಗೂ ಅದೇ ಫೈಲ್ ಬಂತು. ಎಚ್ಚರಿಕೆ ಮೊದಲೇ ತಲುಪಿದ್ದರಿಂದ ಯಾರೂ ಅದನ್ನು ತೆರೆಯಲಿಲ್ಲ. ಆದ್ದರಿಂದ ಇನ್ನು ಮುಂದೆ ಇಂತಹ ಸಂದೇಶ ಯಾವ ಶಾಲೆಗೆ ಬಂದರೂ, ಅದರ ಸ್ವರೂಪ, ಲಿಂಕ್ ಮತ್ತು ಬಂದ ಸಮಯವನ್ನು ಉಳಿದವರಿಗೆ ತಿಳಿಸಬೇಕೆಂದು ಸುತ್ತಮುತ್ತಲಿನ ಶಾಲೆಗಳವರು ಒಪ್ಪಿಕೊಂಡಿದ್ದೇವೆ. ಪೋಷಕರ ಅಥವಾ ಮಕ್ಕಳ ಹೆಸರು, ದೂರವಾಣಿ ಸಂಖ್ಯೆಗಳನ್ನು ಮಾತ್ರ ಯಾರಿಗೂ ಕೊಡುವುದಿಲ್ಲ.

ಒಂದು ಕಡೆ ಬಿದ್ದ ಕನ್ನ ಎಷ್ಟು ಶಾಲೆಗಳನ್ನು ತಟ್ಟಬಹುದು ಎಂಬುದಕ್ಕೆ ಅಮೆರಿಕ ಮತ್ತು ಕೆನಡಾದ ಅನೇಕ ಶಾಲೆಗಳು ಬಳಸುವ ‘ಪವರ್‌ಸ್ಕೂಲ್’ ತಂತ್ರಾಂಶದ ಪ್ರಕರಣವೇ ಸಾಕು. 2024ರ ಡಿಸೆಂಬರ್‌ನಲ್ಲಿ ಕದ್ದ ಲಾಗಿನ್ ವಿವರ ಬಳಸಿ ಒಳನುಗ್ಗಿದವರು ವಿದ್ಯಾರ್ಥಿ ಮತ್ತು ಶಿಕ್ಷಕರ ಮಾಹಿತಿಯನ್ನು ಕದ್ದರು. ಕದ್ದ ಮಾಹಿತಿಯನ್ನು ಅಳಿಸಿಹಾಕಲೆಂದು ಆ ತಂತ್ರಾಂಶದ ಸಂಸ್ಥೆಯು ಕಳ್ಳರಿಗೆ ಹಣ ಕೊಟ್ಟರೂ 2025ರ ಮೇ ತಿಂಗಳಲ್ಲಿ ಅದೇ ಮಾಹಿತಿಯನ್ನು ಮುಂದಿಟ್ಟುಕೊಂಡು ಶಾಲೆಗಳನ್ನೇ ಬೆದರಿಸಲಾಯಿತು. ನಮ್ಮ ದೇಶದಲ್ಲಿ ಇಂತಹ ದಾಳಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಎಚ್ಚರಿಕೆ ನೀಡುವ ಕೆಲಸವನ್ನು 2004ರಿಂದ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ‘ಸರ್ಟ್-ಇನ್’ ಮಾಡುತ್ತಿದೆ. 2022ರ ಅದರ ನಿರ್ದೇಶನದಂತೆ ಸಂಸ್ಥೆಗಳು ಸೈಬರ್ ದಾಳಿಯನ್ನು ಗಮನಿಸಿದ 6 ಗಂಟೆಗಳೊಳಗೆ ವರದಿ ಮಾಡಬೇಕು.

ನಮ್ಮಲ್ಲಿ ತಡವಾಗುವುದು ಹೆಚ್ಚಾಗಿ ಸಂಕೋಚದಿಂದ. ಮೋಸ ಹೋದವರನ್ನು ಗುಂಪಿನಲ್ಲಿ ಹೀಯಾಳಿಸಿದರೆ ಮುಂದಿನವರು ಬಾಯಿ ಬಿಡುವುದಿಲ್ಲ; ಅಂತಹ ಮಾತುಗಳಿಗೆ ಶಾಲೆಯ ಗುಂಪುಗಳಲ್ಲಿ ಅವಕಾಶವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಆ್ಯಪ್ ಇನ್‌ಸ್ಟಾಲ್ ಆಗಿದ್ದರೆ ಮೊದಲು ಮೊಬೈಲಿನ ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಂತರ ತರಗತಿ ಶಿಕ್ಷಕರಿಗೆ ಸ್ಕ್ರೀನ್‌ಶಾಟ್ ಕಳುಹಿಸಿ. ಎಚ್ಚರಿಸುವ ಉತ್ಸಾಹದಲ್ಲಿ ಆ ಫೈಲನ್ನೇ ಫಾರ್ವರ್ಡ್ ಮಾಡುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಶಾಲೆಯು ಎಂದಿಗೂ ಒಟಿಪಿ ಕೇಳುವುದಿಲ್ಲ, ಎಪಿಕೆ ಫೈಲ್ ಕಳುಹಿಸುವುದಿಲ್ಲ. ಶುಲ್ಕವನ್ನು ಕಚೇರಿಯಲ್ಲಿ ಅಥವಾ ಶುಲ್ಕದ ಕಾರ್ಡಿನಲ್ಲಿ ಮುದ್ರಿಸಿರುವ ಖಾತೆಗೆ ಮಾತ್ರ ಕಟ್ಟಿರಿ. ಮಕ್ಕಳ ಆಧಾರ್ ಪ್ರತಿಯನ್ನು ಗುಂಪಿಗೆ ಹಾಕದೆ ಕಚೇರಿಗೇ ತಂದು ಕೊಡಿ.

ಬರುವ ಶನಿವಾರದ ಪೋಷಕರ ಸಭೆಗೆ ಮೊಬೈಲ್ ತಂದರೆ, ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪರಿಶೀಲನೆಯನ್ನು ಅಳವಡಿಸಿಕೊಳ್ಳಲು ಕಂಪ್ಯೂಟರ್ ಶಿಕ್ಷಕರು ನೆರವಾಗುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು