ಗೇಮ್ ಕನ್ಸೋಲ್ ಹೋಲಿಕೆಗೆ ಟೆರಾಫ್ಲಾಪ್ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರಿಗೆ,

ಸೋನಿಯ ಪ್ಲೇಸ್ಟೇಷನ್ 5, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಹಾಗೂ ನಿಂಟೆಂಡೊದ ಸ್ವಿಚ್ 2 ಗೇಮ್ ಕನ್ಸೋಲ್‌ಗಳನ್ನು ಹೋಲಿಸಿ ತಮ್ಮ ತಂತ್ರಜ್ಞಾನ ಪುಟದಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಗ್ರಾಫಿಕ್ಸ್ ಚಿಪ್‌ನ ಸಾಮರ್ಥ್ಯವೊಂದನ್ನೇ ಅಳತೆಗೋಲಾಗಿ ಹಿಡಿದು, ಹೆಚ್ಚು ಟೆರಾಫ್ಲಾಪ್ (ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ ಮಾಡುವ ವೇಗ) ಇರುವ ಯಂತ್ರಕ್ಕೇ ಮಾರುಕಟ್ಟೆ ಒಲಿಯುತ್ತದೆ ಎಂಬ ಅರ್ಥ ಬರುವಂತೆ ಬರೆದಿರುವುದನ್ನು ಒಪ್ಪಲಾಗದು. ಕನ್ಸೋಲ್‌ಗಳ ಚರಿತ್ರೆ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೇ ಹೆಚ್ಚಾಗಿ ಕೊಡುತ್ತದೆ.

2006ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 3ರಲ್ಲಿ ಸೋನಿ, ತೋಷಿಬಾ, ಐಬಿಎಂ ಸೇರಿ ರೂಪಿಸಿದ್ದ ಸೆಲ್ ಪ್ರೊಸೆಸರ್ ಇತ್ತು, ಆಗಷ್ಟೇ ಬಂದಿದ್ದ, ಎಚ್‌ಡಿ ಸಿನಿಮಾ ಡಿಸ್ಕ್ ಓದುವ ಬ್ಲೂ-ರೇ ಡ್ರೈವ್ ಇತ್ತು. ಬೆಲೆ ಮಾತ್ರ 499 ಮತ್ತು 599 ಡಾಲರ್. ಅದೇ ತಿಂಗಳು ನಿಂಟೆಂಡೊ ತಂದ ವೀ, ಎಚ್‌ಡಿ ಚಿತ್ರವನ್ನೂ ತೋರಿಸಲಾರದ ಸಾಧಾರಣ ಯಂತ್ರ. ಆದರೆ ಅದರ ಬೆಲೆ 250 ಡಾಲರ್, ಮತ್ತು ಕೈಯಲ್ಲಿ ಹಿಡಿದು ಬೀಸಿದರೆ ಆಟ ನಡೆಯುವ ಅದರ ರಿಮೋಟ್‌ನಿಂದಾಗಿ ಎಂದೂ ವಿಡಿಯೊ ಗೇಮ್ ಮುಟ್ಟದ ಹಿರಿಯರೂ ಟಿವಿ ಮುಂದೆ ನಿಂತು ಟೆನಿಸ್ ಆಡಿದರು. ಕೊನೆಗೆ ವೀ ಮಾರಾಟ 10 ಕೋಟಿ ಯಂತ್ರಗಳನ್ನು ದಾಟಿತು. ಪ್ಲೇಸ್ಟೇಷನ್ 3 ಒಂಬತ್ತು ಕೋಟಿಯನ್ನೂ ಮುಟ್ಟಲಿಲ್ಲ. ಒಂದು ವರ್ಷ ಮೊದಲೇ ಬಂದಿದ್ದ ಎಕ್ಸ್‌ಬಾಕ್ಸ್ 360ರ ಮೇಲೆ ಸೆಲ್ ಪ್ರೊಸೆಸರ್‌ಗೆ ಕಾಗದದಲ್ಲಿ ಮೇಲುಗೈ ಇದ್ದರೂ, ಅದಕ್ಕೆ ಪ್ರೋಗ್ರಾಂ ಬರೆಯುವುದು ಕಷ್ಟವಾಗಿದ್ದರಿಂದ ಮೊದಲ ವರ್ಷಗಳಲ್ಲಿ ಎರಡರಲ್ಲೂ ಬಂದ ಎಷ್ಟೋ ಆಟಗಳು ಎಕ್ಸ್‌ಬಾಕ್ಸ್‌ನಲ್ಲೇ ಚೆನ್ನಾಗಿ ಓಡಿದವು.

ಸಾಮರ್ಥ್ಯಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2013ರಲ್ಲಿ ಪ್ಲೇಸ್ಟೇಷನ್ 4 ಗೆದ್ದದ್ದು ಎಕ್ಸ್‌ಬಾಕ್ಸ್ ಒನ್‌ಗಿಂತ ಶಕ್ತಿಯುತವಾಗಿಯೂ ಇತ್ತು, 100 ಡಾಲರ್ ಅಗ್ಗವಾಗಿಯೂ ಇತ್ತು ಎಂಬ ಕಾರಣಕ್ಕೆ.

ಈಗಿನ ಪೀಳಿಗೆಯನ್ನೇ ನೋಡೋಣ. ಸೀರೀಸ್ ಎಕ್ಸ್‌ನದು 12 ಟೆರಾಫ್ಲಾಪ್, ಪ್ಲೇಸ್ಟೇಷನ್ 5ರದು ಸುಮಾರು 10.3. ಭಾರತದಲ್ಲಿ ಎರಡೂ ಬಿಡುಗಡೆಯಾದದ್ದು 49,990 ರೂಪಾಯಿಗೆ. ಹಾಗಿದ್ದೂ ಜಗತ್ತಿನಾದ್ಯಂತ ಪ್ಲೇಸ್ಟೇಷನ್ 5ರ ಮಾರಾಟ 2025ರ ಮಧ್ಯದ ಹೊತ್ತಿಗೆ 8 ಕೋಟಿ ದಾಟಿತು. ಮೈಕ್ರೋಸಾಫ್ಟ್ ತನ್ನ ಕನ್ಸೋಲ್ ಮಾರಾಟದ ಅಂಕಿ ಕೊಡುವುದನ್ನು ಬಹಳ ಹಿಂದೆಯೇ ನಿಲ್ಲಿಸಿದೆ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಈ ಎರಡಕ್ಕಿಂತಲೂ ದುರ್ಬಲ. ಆದರೂ ಮೊದಲ ನಾಲ್ಕೇ ದಿನಗಳಲ್ಲಿ 35 ಲಕ್ಷ, ಸೆಪ್ಟೆಂಬರ್ ಕೊನೆಗೆ ಒಂದು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಟಿವಿಗೂ ಜೋಡಿಸಬಹುದು, ಕೈಯಲ್ಲೂ ಒಯ್ಯಬಹುದು ಎಂಬ ಅನುಕೂಲ ಮತ್ತು ನಿಂಟೆಂಡೊದ ಆಟಗಳು ಬೇರೆ ಕನ್ಸೋಲ್‌ಗಳಲ್ಲಿ ಸಿಗುವುದಿಲ್ಲ ಎಂಬ ಸಂಗತಿ, ಇವೆರಡನ್ನೂ ಟೆರಾಫ್ಲಾಪ್‌ನಲ್ಲಿ ಅಳೆಯಲು ಬರುವುದಿಲ್ಲ.

ನನಗೆ ಹೆಚ್ಚು ಕಳವಳ ತಂದಿರುವುದು ಬೆಲೆಯ ಹಾದಿ. ಹಿಂದೆ ಕನ್ಸೋಲ್ ಹಳೆಯದಾದಂತೆ ಅಗ್ಗವಾಗುತ್ತಿತ್ತು. 299 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 2 ಕೊನೆಗೆ 99 ಡಾಲರ್‌ಗೆ ಇಳಿದು, ಮಧ್ಯಮ ವರ್ಗದವರ ಮನೆಗಳಿಗೂ ಬಂದು, 16 ಕೋಟಿಯಷ್ಟು ಮಾರಾಟವಾಯಿತು. ಈಗ ಅದು ತಿರುವುಮುರುವಾಗಿದೆ. 499 ಡಾಲರ್‌ನ ಸೀರೀಸ್ ಎಕ್ಸ್ 2025ರಲ್ಲಿ ಎರಡು ಬಾರಿ ಏರಿ ಅಮೆರಿಕದಲ್ಲಿ 649 ಡಾಲರ್ ಆಯಿತು. ನಮ್ಮಲ್ಲೂ ಪ್ಲೇಸ್ಟೇಷನ್ 5ರ ಬೆಲೆಯನ್ನು 2022ರಲ್ಲೇ 54,990 ರೂಪಾಯಿಗೆ ಏರಿಸಲಾಯಿತು. ಕಾಲ ಕಳೆದಂತೆ ಹೊಸ ಗಿರಾಕಿಗಳನ್ನು ಸೆಳೆಯುತ್ತಿದ್ದ ಮುಖ್ಯ ದಾರಿಯೇ ಮುಚ್ಚಿದಾಗ, ತಮ್ಮ ಲೇಖನದ ಮಾರಾಟದ ಅಂದಾಜಿನಲ್ಲಿ ಈ ಅಂಶಕ್ಕೆ ಮೊದಲ ಸ್ಥಾನ ಸಿಗಬೇಕಿತ್ತು.

ಕೊಳ್ಳುವವರಿಗೆ ಯಂತ್ರದ ಬೆಲೆ ಆರಂಭ ಮಾತ್ರ. ಪ್ಲೇಸ್ಟೇಷನ್ 5ರ ಒಂದು ದೊಡ್ಡ ಆಟಕ್ಕೆ ಇಲ್ಲಿ ಸುಮಾರು ಐದು ಸಾವಿರ ರೂಪಾಯಿ ಕೊಡಬೇಕಾಗುತ್ತದೆ; ಹತ್ತು ಆಟ ಕೊಂಡರೆ ಇನ್ನೊಂದು ಯಂತ್ರದ ದುಡ್ಡು. 34,990 ರೂಪಾಯಿಗೆ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಗ್ಗವೆನಿಸಬಹುದು. ಆದರೆ ಅದರಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಹಾಗಾಗಿ ಹಳೆಯ ಡಿಸ್ಕ್ ಕೊಳ್ಳುವ, ಗೆಳೆಯರೊಂದಿಗೆ ಬದಲಾಯಿಸಿಕೊಳ್ಳುವ ಅವಕಾಶವೂ ಇಲ್ಲ. ಡಬ್ಬಿಯ ಮೇಲೆ 512 ಜಿಬಿ ಎಂದಿದ್ದರೂ ಬಳಕೆಗೆ ಉಳಿಯುವುದು 364 ಜಿಬಿ. ನೂರು ಜಿಬಿ ಮೀರುವ ಮೂರು ಆಟಗಳಿಗೇ ಜಾಗ ಮುಗಿಯುತ್ತದೆ. ಪ್ಲೇಸ್ಟೇಷನ್ 5ಕ್ಕೆ ಅಂಗಡಿಯಲ್ಲಿ ಸಿಗುವ, ಅದು ಬಯಸುವಷ್ಟು ವೇಗವಿರುವ, ಆಟಗಳನ್ನು ತುಂಬಿಡುವ ಸಾಮಾನ್ಯ ಡ್ರೈವ್, ಅಂದರೆ ಎಸ್‌ಎಸ್‌ಡಿ ಹಾಕಿಕೊಳ್ಳಬಹುದು. ಎಕ್ಸ್‌ಬಾಕ್ಸ್‌ಗೆ ಅದಕ್ಕೆಂದೇ ಮಾಡಿದ ವಿಸ್ತರಣಾ ಕಾರ್ಡ್ ಬೇಕು. ಇನ್ನು ಸ್ವಿಚ್ 2 ನಮ್ಮ ದೇಶದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಿಲ್ಲ. ಹೊರದೇಶದಿಂದ ತರಿಸಿ ಮಾರುವವರಿಂದ ಕೊಂಡರೆ ಕೆಟ್ಟಾಗ ವಾರಂಟಿ ಕೇಳಲು ಇಲ್ಲಿ ಕಂಪನಿಯ ಬಾಗಿಲಿಲ್ಲ ಎಂಬುದನ್ನು ಲೇಖನ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಮಕ್ಕಳ ಒತ್ತಾಯಕ್ಕೆ ಅರ್ಧ ಲಕ್ಷ ತೆರಲು ಹೊರಟ ತಂದೆ ತಾಯಂದಿರು ಪತ್ರಿಕೆಯ ಮಾತನ್ನು ನಂಬುತ್ತಾರೆ. ಮುಂದಿನ ಬಾರಿ ಇಂಥ ಹೋಲಿಕೆ ಪ್ರಕಟಿಸುವಾಗ ಯಂತ್ರದ ಜೊತೆಗೆ ಐದು ವರ್ಷದ ಆಟಗಳು, ಹೆಚ್ಚುವರಿ ಮೆಮೊರಿ, ಆನ್‌ಲೈನ್ ಚಂದಾ ಮತ್ತು ದುರಸ್ತಿ ಸೌಲಭ್ಯಗಳನ್ನು ರೂಪಾಯಿಯ ಲೆಕ್ಕದಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ, ಶಿವಮೊಗ್ಗ